ಹಾಜರಿ ಪುಸ್ತಕದ ಒಂದೇ ಹೆಸರು

ಬೆಳಗಿನ ಪ್ರಾರ್ಥನೆಗೆ ಮೇದಿನಿ ಒಬ್ಬಳೇ ಸಾಲಾಗಿ ನಿಂತಳು. ಮುಂದೆ ಯಾರೂ ಇಲ್ಲದಿದ್ದರೂ ಕೈ ಚಾಚಿ ಅಂತರ ಅಳೆದುಕೊಂಡಳು. ಆ ಸರ್ಕಾರಿ ಶಾಲೆಯಲ್ಲಿ ಉಳಿದವಳು ಅವಳೊಬ್ಬಳೇ. ಟೀಚರ್ ಬೇಸಿಗೆಯಿಡೀ ಮನೆಮನೆ ಅಲೆದು ಕೇಳಿಕೊಂಡಿದ್ದರೂ ಮಿಕ್ಕ ಮಕ್ಕಳೆಲ್ಲ ಕಾನ್ವೆಂಟಿನ ಹಳದಿ ಬಸ್ಸು ಹತ್ತಿಬಿಟ್ಟಿದ್ದರು.

ಹಾಜರಿ ಕರೆದು ಮುಗಿಸುವಷ್ಟರಲ್ಲಿ ಮೇದಿನಿಯ ಅಪ್ಪ ಬಂದು ಮೇಜಿನ ಮೇಲೆ ಅರ್ಜಿ ಇಟ್ಟರು.

“ಟಿಸಿ ಬೇಕಿತ್ತು.”

“ಆ ಕಾನ್ವೆಂಟಲ್ಲಿ ನನಗಿಂತ ಚೆನ್ನಾಗಿ ಕಲಿಸ್ತಾರಾ?” ಟೀಚರ್ ತಲೆ ಎತ್ತಲಿಲ್ಲ.

“ಕಲಿಸೋದರ ಮಾತಲ್ಲ. ಜೊತೆಗೆ ಆಡೋಕೆ ಒಂದು ಮಗುವಾದ್ರೂ ಬೇಡ್ವಾ? ನಿನ್ನೆ ಶಾಲೇಲಿ ಕಣ್ಣಾಮುಚ್ಚಾಲೆ ಆಡ್ದೆ ಅಂದ್ಳು. ಯಾರ ಜೊತೆ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.”

“ಇವಳೂ ಹೋದ್ರೆ ಶಾಲೆಗೆ ಬೀಗ ಹಾಕ್ತಾರೆ.”

“ಗೊತ್ತು. ಆದ್ರೆ ಶಾಲೆ ಉಳಿಸೋಕೆ ನಮ್ಮ ಮಗಳೇ ಆಗ್ಬೇಕಾ?”

ಟೀಚರ್ ಟಿಸಿ ಪುಸ್ತಕ ಎಳೆದುಕೊಂಡರು. ಟಿಸಿ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಕೊನೆಗೆ ಸಹಿ ಹಾಕಿ ಮೊಹರು ಒತ್ತಿದರು. ಹಾಜರಿ ಪುಸ್ತಕದಲ್ಲಿದ್ದ ಒಂದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು.

ಬ್ಯಾಗು ಹೆಗಲಿಗೇರಿಸಿ ಅಪ್ಪನ ಹಿಂದೆ ಹೊರಟಿದ್ದ ಮೇದಿನಿ, ಬಾಗಿಲವರೆಗೆ ಹೋದವಳು ತಿರುಗಿ ಮೇಜಿನ ಹತ್ತಿರ ಬಂದಳು.

“ಟೀಚರ್, ನಾನಿನ್ನು ಈ ಶಾಲೆಯವಳಲ್ಲ, ಅಲ್ವಾ?”

“ಅಲ್ಲ ಕಣಮ್ಮ.”

“ಹಾಗಾದ್ರೆ ಮನೇಲಿ ಕರೆಯೋ ಹಾಗೆ ಇಲ್ಲೂ ನಿನ್ನನ್ನ ಅಮ್ಮಾ ಅಂತ ಕರೀಲಾ?”