ಚೀಟಿಯಿಲ್ಲದ ರಿಪೇರಿ

ಫೋನಿನಲ್ಲಿ ಹೇಳಿಸಿಕೊಂಡ ಒಂಬತ್ತು ಅಂಕಿಗಳ ಕೋಡಿನಲ್ಲಿ ಎಂಟನ್ನು ಮಿಕ್ಸಿ ರಿಪೇರಿ ಅಂಗಡಿಯ ಅಕ್ಕ ತನ್ನ ಕಂಪ್ಯೂಟರಿನಲ್ಲಿ ಒತ್ತಿಯಾಗಿತ್ತು. ಬೆರಳು ಕೊನೆಯದರ ಮೇಲಿತ್ತು. "ಬೇಗ ಮೇಡಂ, ವೈರಸ್ ಎಲ್ಲಾ ತಿಂದುಹಾಕ್ತಿದೆ. ಅದೊಂದು ಒತ್ತಿಬಿಡಿ, ನಿಮ್ಮ ಕಂಪ್ಯೂಟರ್ ನಮ್ಮ ಕೈಗೆ ಸಿಗತ್ತೆ, ನಾವು ಇಲ್ಲಿಂದಲೇ ಸರಿ ಮಾಡ್ತೀವಿ" ಎಂದು ಫೋನಿನಲ್ಲಿದ್ದವನು ಅವಸರಪಡಿಸಿದ. ಗಿರಾಕಿಗಳ ನಂಬರು, ಬ್ಯಾಂಕಿನ ಪಾಸ್‌ವರ್ಡು ಎಲ್ಲವೂ ಅದರಲ್ಲೇ ಇದ್ದವು.

ಅಷ್ಟರಲ್ಲಿ ಮೇಜಿನ ಮೇಲಿನ ಮಿಕ್ಸಿಗಳು ಕಣ್ಣಿಗೆ ಬಿದ್ದವು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ: ಯಾರು ತಂದರು, ಏನು ಕೆಟ್ಟಿದೆ. ಇಪ್ಪತ್ತು ವರ್ಷಗಳಲ್ಲಿ ಚೀಟಿಯಿಲ್ಲದ ಮಿಕ್ಸಿಯನ್ನು ಅವಳು ಬಿಚ್ಚಿದವಳಲ್ಲ. ತಾನಾಗಿ ಯಾರಿಗೂ ಫೋನ್ ಮಾಡಿ, ನಿಮ್ಮ ಮಿಕ್ಸಿ ಕೆಟ್ಟಿದೆ ಎಂದವಳೂ ಅಲ್ಲ.

ಅವಳು ಬೆರಳು ತೆಗೆದಳು. "ಅಲ್ಲಪ್ಪಾ, ಕೆಟ್ಟಿದೆ ಅಂತ ನಿನಗೆ ಹೇಳಿದ್ಯಾರು?"

"ನಮಗೆ ಇಲ್ಲಿಂದಲೇ ಕಾಣತ್ತೆ ಮೇಡಂ."

"ನನಗೆ ಬಿಚ್ಚಿ ನೋಡಿದ್ರೂ ಒಂದೊಂದ್ಸಲ ಕಾಣಲ್ಲ. ನಾನು ಕಂಪ್ಲೇಂಟ್ ಕೊಟ್ಟಿದ್ರೆ ಚೀಟಿ ಇರತ್ತಲ್ಲ, ಓದು ನೋಡೋಣ."

ಫೋನ್ ಕಟ್ಟಾಯಿತು.

ಮೋಟಾರಿಗೆ ತಂತಿ ಸುತ್ತುತ್ತಿದ್ದ ನಾದಿನಿ ತಲೆಯೆತ್ತಿದಳು. "ಯಾರು ಅತ್ತಿಗೆ ಅದು?"

"ಯಾರೋ ರಿಪೇರಿಯವನಂತೆ." ಅಕ್ಕ ಎಂಟು ಅಂಕಿಗಳನ್ನೂ ಒಂದೊಂದಾಗಿ ಅಳಿಸಿದಳು. "ಕಸುಬು ಗೊತ್ತಿಲ್ಲ, ಪಾಪ."