ಬಲಗಡೆಯ ಹಾಳೆ

"ಯಾವುದನ್ನ ಲಗತ್ತಿಸ್ಲಿ, ಹೇಳಿ ಅಕ್ಕಾ," ಎಂದು ಆದಾಯ ತೆರಿಗೆಯ ಫಾರಂ ತುಂಬಿಕೊಡುವವನು ಎರಡು ಹಾಳೆಗಳನ್ನು ಆ ತಾಯಿಯ ಮುಂದೆ ಅಕ್ಕಪಕ್ಕ ಇಟ್ಟ. ಅಂಗವಿಕಲ ಮಗುವಿದ್ದವರಿಗೆ ಸಿಗುವ ರಿಯಾಯಿತಿಯ ಹಾಳೆಗಳು ಅವು. ಎಡಗಡೆಯದರಲ್ಲಿ ತಾತ್ಕಾಲಿಕ ಎಂದಿತ್ತು, ಅದಕ್ಕೆ ವರ್ಷ ವರ್ಷವೂ ಡಾಕ್ಟರರ ಹೊಸ ಪತ್ರ ಬೇಕು. ಬಲಗಡೆಯದರಲ್ಲಿ ಶಾಶ್ವತ ಎಂದಿತ್ತು, ಒಮ್ಮೆ ಸಹಿ ಹಾಕಿದರೆ ಮುಗಿಯಿತು. ಒಂಬತ್ತು ವರ್ಷದಿಂದ ಅವಳ ಕೈ ಎಡಗಡೆಗೇ ಹೋಗಿತ್ತು.

"ಆ ಪತ್ರಕ್ಕೋಸ್ಕರ ಒಂದು ದಿನದ ಸಂಬಳ ಕಳ್ಕೊಂಡು, ಬೆಳಗಾಗೋ ಮೊದಲೇ ಆಸ್ಪತ್ರೇಲಿ ಕ್ಯೂ ನಿಲ್ತೀರಿ. ಯಾಕಕ್ಕಾ?" ಎಂದ ಅವನು. ಅವಳು ಪೆನ್ನು ಎತ್ತಿಕೊಂಡಳು. ಲಾಂಡ್ರಿಯಲ್ಲಿ ಹಗಲೆಲ್ಲ ಇಸ್ತ್ರಿ ಹಾಕಿ ಬಂದ ತೋಳಿಗೆ ಪೆನ್ನೂ ಭಾರವಾಗಿತ್ತು. ಬಲಗಡೆಗೆ ಸಹಿ ಹಾಕಿದರೆ, ಮಗಳು ಎಂದಾದರೂ ಎದ್ದು ನಡೆದಾಳು ಎಂಬ ಆಸೆಗೆ ತಾನೇ ಎಳ್ಳುನೀರು ಬಿಟ್ಟಂತೆ.

ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಬಲಗಡೇದಕ್ಕೇ ಹಾಕಮ್ಮಾ. ಪ್ರತಿ ವರ್ಷ ಅದೇ ಕಾಲು ನೋಡಿ ನೋಡಿ ಆ ಡಾಕ್ಟರಿಗೂ ಬೇಜಾರಾಗಿದೆ."

"ಬಾಯಿ ನೋಡು ಇವಳ್ದು!"

"ಕಾಲಿನ ಪಾಲಿನ ಓಟಾನೂ ಬಾಯೇ ಓಡ್ಬೇಕಲ್ಲಮ್ಮಾ."

ಫಾರಂ ತುಂಬುವವನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ಅವಳು ಬಲಗಡೆಯ ಹಾಳೆಯನ್ನು ಎಳೆದುಕೊಂಡು, ಹೆಸರಿನ ಒಂದೊಂದೇ ಅಕ್ಷರ ತೀಡುತ್ತ ಸಹಿ ಹಾಕಿದಳು. ಇನ್ನೇನು ಅಳು ಉಕ್ಕಿ ಬರುತ್ತದೆ ಎಂದು ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದು ಕಾದಳು. ಬಂದದ್ದು ಆಕಳಿಕೆ, ದವಡೆ ನೋಯುವಷ್ಟು ದೊಡ್ಡದು.