ಬಲೂನಿಗೆ ಕ್ಷೌರ

ಬಲೂನು ಮತ್ತೆ ಢಬ್ ಎಂದು ಒಡೆಯಿತು. ಸಾಬೂನಿನ ನೊರೆ ಕ್ಷೌರಿಕನ ಮೂಗಿನವರೆಗೂ ಹಾರಿತು. ಹೊಸಬರಿಗೆ ಅವನು ಕತ್ತಿ ಹಿಡಿಯುವುದನ್ನು ಕಲಿಸುತ್ತಿದ್ದದ್ದೇ ಹೀಗೆ: ಊದಿದ ಬಲೂನಿಗೆ ನೊರೆ ಬಳಿದು, ಒಡೆಯದಂತೆ ಬೋಳಿಸಬೇಕು. ಅಂಥವನೇ ಈಗ ಬಲೂನಿನ ಮುಂದೆ ಬೆವರುತ್ತಿದ್ದ! ನರಗಳ ಉರಿಯೂತ ಬಂದ ಮೇಲೆ ಬೆರಳುಗಳು ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. ಬಲೂನು ಉಳಿಯುವವರೆಗೆ ಅಂಗಡಿ ಬಾಗಿಲು ತೆಗೆಯುವುದಿಲ್ಲ, ಯಾರ ಕೆನ್ನೆಗೂ ಕತ್ತಿ ತಾಗಿಸುವುದಿಲ್ಲ. ಹಟ ಎಂದರೆ ಹಟ.

"ಹೋದ ವಾರ ಬಲೂನು ಒಡೀದೆ ಅರ್ಧದವರೆಗೆ ಬರ್ತಿತ್ತು. ಈಗ ಕತ್ತಿ ಎತ್ತಿದ್ರೇ ಕೈ ನಡುಗುತ್ತೆ," ಎಂದ.

ಆರೈಕೆಗೆಂದು ಬಂದಿದ್ದ ಅಕ್ಕ ಲೋಟ ಹಿಡಿದು ನಿಂತಿದ್ದಳು. "ಮೊದ್ಲು ಇದನ್ನ ಕುಡಿ. ರೋಗನಿರೋಧಕ ಶಕ್ತಿ ಹೆಚ್ಚಿಸೋ ಪುಡಿ. ಡಾಕ್ಟರು ಕೊಟ್ಟ ಆ ಹಾಳು ಮಾತ್ರೆ ತೆಗೆದು ಡಬ್ಬೀಲಿ ವಿಟಮಿನ್ ತುಂಬಿಟ್ಟಿದ್ದೀನಿ."

"ಏನಂದೆ?"

"ಮೆಡಿಕಲ್ ಶಾಪಿನೋರೇ ಹೇಳಿದ್ರು ಕಣೋ, ಅದು ಇರೋ ಶಕ್ತೀನೂ ಇಳಿಸೋ ಮಾತ್ರೆಯಂತೆ! ಸೋತು ಸುಣ್ಣವಾಗಿರೋನಿಗೆ ಅದನ್ನ ನುಂಗಿಸೋಕೆ ನಂಗೇನು ಹುಚ್ಚಾ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಅಯ್ಯೋ ಅಕ್ಕಾ, ಇಳಿಸೋಕೇ ಕೊಟ್ಟಿರೋದು! ರೋಗದ ಮೇಲೆ ಬೀಳಬೇಕಾದ ಆ ಶಕ್ತಿ ನನ್ನ ನರಗಳನ್ನೇ ಶತ್ರು ಅಂದ್ಕೊಂಡು ಅವುಗಳ ಹೊದಿಕೆ ಕಿತ್ತುಹಾಕ್ತಿದೆ. ನಾನು ಹೇಳಿದ್ದು ಬೆರಳಿಗೆ ತಲುಪ್ತಾನೇ ಇಲ್ಲ. ಡಾಕ್ಟರು ಅದನ್ನ ಸುಮ್ನಿರಿಸೋಕೆ ನೋಡಿದ್ರೆ, ನೀನು ಹುರಿದುಂಬಿಸ್ತಿದ್ದೀಯ!"

"ನಮ್ಮನ್ನ ಕಾಯೋದೇ ನಮ್ಮ ಮೇಲೆ ಬೀಳೋದು ಎಲ್ಲಾದ್ರೂ ಉಂಟಾ?" ಅಕ್ಕ ಲೋಟ ಕೆಳಗಿಟ್ಟಳು. "ನಿಂಗೆ ಒಳ್ಳೇದಾಗ್ಲಿ ಅಂತಲೇ ಮಾಡ್ದೆ ಕಣೋ."

"ನನ್ನೊಳಗಿನ ಆ ಶಕ್ತೀನೂ ಹಾಗೇ ಅಂದ್ಕೊಂಡಿದೆ."

ಅವನು ಡಾಕ್ಟರಿಗೆ ಫೋನ್ ಮಾಡಿ ಚೆನ್ನಾಗಿ ಬೈಸಿಕೊಂಡ. ಮಧ್ಯಾಹ್ನವೇ ಆಸ್ಪತ್ರೆಗೆ ಬರಬೇಕೆಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಅಕ್ಕ ಲೋಟವನ್ನು ಮೋರಿಗೆ ಸುರಿದು, ಬಟ್ಟೆಗಳಡಿ ಬಚ್ಚಿಟ್ಟಿದ್ದ ಮಾತ್ರೆಗಳನ್ನು ತಂದು ಅವನ ಮುಂದಿಟ್ಟಳು. ಮುಖ ಎತ್ತಲು ಅವಳಿಗೆ ನಾಚಿಕೆಯಾಗುತ್ತಿತ್ತು.

"ಹೋಗ್ಲಿ ಬಿಡು. ಎಷ್ಟು ತಿಂಗಳಾದ್ರೂ ಸರಿ, ಅಂಗಡಿ ತೆಗೆದೇ ತೆಗೀತೀನಿ," ಎಂದು ಅವನು ಇನ್ನೊಂದು ಬಲೂನು ಊದಿದ. ಅದರ ಬಾಯಿಗೆ ಗಂಟು ಹಾಕಲು ಹೋದರೆ ಬೆರಳಿಂದ ಜಾರಿತು. ಬಲೂನು ಪುರ್ರೆಂದು ಗಾಳಿ ಬಿಟ್ಟು ಮೂಲೆಗೆ ಬಿತ್ತು. ಎತ್ತಿಕೊಂಡು ಬಂದು ಮತ್ತೆ ಊದಿದ. ಅಕ್ಕನ ಕೈ ತಡೆಯಲಾರದೆ ಮುಂದೆ ಬಂತು.

"ಅಕ್ಕಾ," ಎಂದ, ಅಷ್ಟೇ.

ಅಕ್ಕ ಗಿರಾಕಿಯ ಕುರ್ಚಿಯಲ್ಲಿ ಕುಕ್ಕರಿಸಿ, ತನ್ನ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತಳು.

"ಹೂಂ, ಕಟ್ಟು," ಎಂದಳು.